ಕಿವಿಗೆ ಹಿಡಿದ ಕಾಯಿ

ಇದನ್ನು ಈಗಾಗಲೇ ಎರಡು ಸಲ ಹೇಳಿದ್ದೇನೆ. ತಂಗಿಗೆ ಫೋನಿನಲ್ಲಿ ಹೇಳಿದಾಗ ನಾನು ಧೈರ್ಯವಂತೆಯಾಗಿದ್ದೆ. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಊರಿನವರು ದಡ್ಡರಾಗಿದ್ದರು, ಎಲ್ಲರೂ ನಕ್ಕರು. ಎರಡೂ ಕೇಳುವುದಕ್ಕೆ ಚೆನ್ನಾಗಿವೆ, ಅದಕ್ಕೇ ನನಗೆ ಎರಡರ ಮೇಲೂ ಅನುಮಾನ. ಇಲ್ಲಿ ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ.

ಶೆಟ್ಟಿಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮದುವೆ ಮುರಿದುಹೋದ ಮೇಲೆ ವರ್ಗ ಕೇಳಿಕೊಂಡು ಬಂದವಳು. ಬಾಡಿಗೆಗೆ ಸಿಕ್ಕಿದ್ದು ಕೊಬ್ಬರಿ ವ್ಯಾಪಾರದವರ ಮನೆಯ ಹಿಂಭಾಗದ ಎರಡು ಕೋಣೆ. ಯಜಮಾನರು ವಾರದಲ್ಲಿ ಮೂರು ನಾಲ್ಕು ದಿನ ತಿಪಟೂರಿನ ಮಾರುಕಟ್ಟೆಯಲ್ಲೇ ಇರುತ್ತಾರೆ. ಯಜಮಾನಿ ಮುಂಭಾಗದಲ್ಲಿ. ನನ್ನ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆ ಸಮೇತ ಏರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರನ್ನು ಕಾಯಿ ತಾನೇ ಕುಡಿದುಕೊಂಡು, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗಿ ಉರುಳಾಡಬೇಕು. ಆಗ ಅದು ಕೊಬ್ಬರಿ. ಬೆಂಕಿಯಿಲ್ಲ, ಬಿಸಿಲಿಲ್ಲ, ಯಾರೂ ಮುಟ್ಟುವುದಿಲ್ಲ. ಸುಮ್ಮನೆ ಬಿಟ್ಟರೆ ಆಗುತ್ತದೆ. ಬಂದ ಹೊಸತರಲ್ಲಿ ಇದನ್ನು ಕೇಳಿ, ನನ್ನ ವಿಷಯವೇ ಹೇಳುತ್ತಿದ್ದಾರೆ ಅನ್ನಿಸಿತ್ತು. ಈ ಸಾಲು ಆಗ ಅನ್ನಿಸಿದ್ದೋ ಈಗ ಬರೆಯುವಾಗ ಹೊಳೆದದ್ದೋ, ಗೊತ್ತಿಲ್ಲ.

ಸ್ಕೂಲು ಬಿಟ್ಟು ಬಂದರೆ ಮಾತಾಡುವವರಿಲ್ಲ. ಹಾಗಾಗಿ ಮೊಬೈಲಿನಲ್ಲಿ ಕತೆ ಹಾಕುವ ಒಂದು ಆ್ಯಪ್‌ಗೆ ಪತ್ತೇದಾರಿ ಧಾರಾವಾಹಿ ಬರೆಯತೊಡಗಿದೆ, ವಾರಕ್ಕೊಂದು ಕಂತು, ಗಂಡಸಿನ ಹೆಸರಿನಲ್ಲಿ. ತುಮಕೂರಿನಿಂದ ಬಂದ ಒಬ್ಬಳು ಇನ್ಸ್‌ಪೆಕ್ಟರ್, ನಾಯಿಗಳಿಗೆ ಹೆದರುವ ಒಬ್ಬ ಮುದಿ ಹೆಡ್ ಕಾನ್ಸ್‌ಟೇಬಲ್. ಇಬ್ಬರೂ ಒಂದು ಜೀಪಿನಲ್ಲಿ ಹಾಲ್ಕುರಿಕೆಯಿಂದ ಅರಳಗುಪ್ಪೆಗೆ, ಅಲ್ಲಿಂದ ಮತ್ತೊಂದು ಊರಿಗೆ, ಒಬ್ಬನನ್ನು ಹುಡುಕಿಕೊಂಡು ತಿರುಗುತ್ತಾರೆ. ಅವನು ತೋಟದ ಮನೆಗಳಲ್ಲಿ ಒಂಟಿಯಾಗಿರುವ ಹೆಂಗಸರನ್ನು ಕೊಲ್ಲುತ್ತಾನೆ. ಪ್ರತಿ ಅಂಗಳದಲ್ಲೂ ಜುಟ್ಟು ತೆಗೆದ ಒಂದು ಕಾಯಿ ಬಿಟ್ಟುಹೋಗುತ್ತಾನೆ. ಪೊಲೀಸರು ಯಾವಾಗಲೂ ಒಂದು ದಿನ ತಡ. ಸತ್ತ ಹೆಂಗಸರಿಗೆಲ್ಲ ನಾನು ನನ್ನದೇ ಸಾಮಾನು ಕೊಟ್ಟಿದ್ದೆ, ನನ್ನ ಸ್ಟೀಲ್ ಲೋಟ, ನನ್ನ ಮೂಲೆ ಒಡೆದ ಕನ್ನಡಿ. ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಓದುವವರು ಹೆಚ್ಚುತ್ತಿದ್ದರು. ಕೊಲೆಗಾರ ಮಾತ್ರ ಸಿಕ್ಕಿರಲಿಲ್ಲ. ಪೊಲೀಸರಿಗಲ್ಲ, ನನಗೆ. ಅವನು ಹೇಗೆ ನಡೆಯುತ್ತಾನೆ, ಏನು ಮಾತಾಡುತ್ತಾನೆ ಎಂಬುದು ಏಳು ಕಂತು ಕಳೆದರೂ ಹೊಳೆದಿರಲಿಲ್ಲ.

ಎಂಟನೆಯ ಕಂತಿಗೆ ಅವನು ಸಿಕ್ಕಿದ್ದು ನಮ್ಮ ಅಂಗಳದಲ್ಲೇ.

ಅಟ್ಟದ ಕಾಯಿ ಸುಲಿಯಲು ಒಬ್ಬ ಬರುತ್ತಿದ್ದ. ಹುಳಿಯಾರು ಕಡೆಯ ಒಂದು ಹಟ್ಟಿಯವನು, ಐವತ್ತು ದಾಟಿದವನು. ಕುರಿ ಮಾರಿದ ಮೇಲೆ ಈ ಕೆಲಸ ಹಿಡಿದಿದ್ದನಂತೆ. ಅಂಗಳದಲ್ಲಿ ಕಬ್ಬಿಣದ ಮೊನೆ ನೆಟ್ಟು, ಪಕ್ಕದಲ್ಲಿ ಮಚ್ಚು ಇಟ್ಟುಕೊಂಡು ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಬೇರೆಯವರು ರಾಶಿಯಿಂದ ಎತ್ತಿ ಎತ್ತಿ ಸುಲಿಯುತ್ತಾರೆ. ಇವನು ಒಂದೊಂದು ಕಾಯಿಯನ್ನೂ ಬಲಗಿವಿಗೆ ಹಿಡಿದು, ಕಣ್ಣು ಮುಚ್ಚಿ, ಅಲುಗಿಸಿ ಕೇಳುತ್ತಿದ್ದ. ಒಳಗೆ ಉಂಡೆ ಲೊಟಲೊಟ ಎಂದರೆ 'ಆಗೈತೆ' ಎನ್ನುತ್ತಿದ್ದ. ನೀರಿನ ಸದ್ದು ಬಂದರೆ 'ಇನ್ನೂ ಕುಡೀತೈತೆ' ಎಂದು ಅಟ್ಟಕ್ಕೆ ವಾಪಸು ಕಳಿಸಲು ಪಕ್ಕಕ್ಕಿಡುತ್ತಿದ್ದ. ಇದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ, ಕಾಯಿಗೇ ಹೇಳುತ್ತಿದ್ದ. ಅವನು ಸುಲಿದ ರಾಶಿಯಲ್ಲಿ ಹಸಿ ಕಾಯಿ ಒಂದೂ ಬರುವುದಿಲ್ಲ, ಕೌಟು ವಾಸನೆಯ ಕೊಬ್ಬರಿಯೂ ಬರುವುದಿಲ್ಲ ಎಂದು ಯಜಮಾನಿ ಹೇಳಿಕೊಳ್ಳುತ್ತಿದ್ದರು.

ಸುತ್ತಲಿನ ಹತ್ತಾರು ಅಟ್ಟಗಳಿಗೆ ಅವನೇ. ನಮ್ಮ ಮನೆಗೆ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಬರುತ್ತಿದ್ದ. ನಾನು ಕಾಫಿ ಹಿಡಿದು ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮಾತು ಹೆಚ್ಚಿರಲಿಲ್ಲ. ಕುರಿಗಳಿಗೆ ವಯಸ್ಸು ಹೇಗೆ ತಿಳಿಯುತ್ತದೆ, ಅಟ್ಟದಲ್ಲಿ ಇಲಿ ಯಾವ ಕಾಯಿಯನ್ನು ಮುಟ್ಟುವುದಿಲ್ಲ, ಇಂಥದ್ದು. ಅವನು ಬರುವ ದಿನಗಳನ್ನು ಎದುರು ನೋಡುತ್ತಿದ್ದೆ ಎಂದು ಈಗ ಬರೆಯಬಹುದು. ಆಗ ಯಾರಾದರೂ ಹಾಗೆಂದಿದ್ದರೆ ಸಿಟ್ಟಾಗುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ನಾಲ್ಕು ಗಂಟೆ ಎಂದು ನೆನಪು. ಆದರೆ ನಾಲ್ಕಕ್ಕೆ ನಾನು ಸ್ಕೂಲಿನಲ್ಲಿರಬೇಕು, ಹಾಗಾಗಿ ಭಾನುವಾರವೇ ಇರಬೇಕು. ಬಾಗಿಲು ತಟ್ಟಿದ ಸದ್ದು. ತೆಗೆದರೆ ಅವನು, ಕುಡಿಯಲು ನೀರು ಬೇಕಿತ್ತು. ಚೊಂಬು ಕೊಟ್ಟೆ. ಗಟಗಟನೆ ಕುಡಿದು ಬಾಯಿ ಒರೆಸಿಕೊಂಡ.

"ಬೆಳಗ್ಗಿಂದ ಒಳಗ್ಲಿಂದ ಒಂದು ಸದ್ದಿಲ್ಲ ಕಣ್ರೀ ಮಿಸ್ಸೇ. ಟಿವಿ ಇಲ್ಲ, ಪಾತ್ರೆ ಸದ್ದಿಲ್ಲ. ಬಾಗ್ಲಿಗೆ ಕಿವಿ ಕೊಟ್ಟೆ. ಮಿಸ್ಸೂ ಆಗೈತೆ ಅಂದ್ಕಂಡೆ."

ನಕ್ಕ. ನಾನೂ ನಕ್ಕೆ. ಅಥವಾ ಬಾಗಿಲು ಹಾಕಿಕೊಂಡ ಮೇಲೆ ನಗಬೇಕಿತ್ತು ಎಂದುಕೊಂಡೆ. ಅವತ್ತು ತಿದ್ದಬೇಕಾದ ಪತ್ರಿಕೆಗಳು ಹಾಗೇ ಉಳಿದವು. ಒಂದೇ ಪಟ್ಟಿಗೆ ಕೂತು ಎಂಟನೆಯ ಕಂತು ಬರೆದು ಮುಗಿಸಿದೆ.

ಅದರಲ್ಲಿ ಕೊಲೆಗಾರ ಕಾಯಿ ಸುಲಿಯುವವನು. ಮನೆ ಮನೆಗೆ ಹೋಗಿ ಸುಲಿಯುವ ಕಾಯಿ ಇದೆಯೇ ಎಂದು ಕೇಳುತ್ತಾನೆ. ಆಮೇಲೆ ಬಾಗಿಲಿಗೆ ಬಲಗಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಾನೆ. ಒಳಗೆ ಮಾತು ಅಲುಗುತ್ತಿದ್ದರೆ 'ಇನ್ನೂ ಕುಡೀತೈತೆ' ಎಂದುಕೊಂಡು ಮುಂದಿನ ಮನೆಗೆ ನಡೆಯುತ್ತಾನೆ. ಒಳಗೆ ಒಬ್ಬಳೇ ಇದ್ದು, ಸದ್ದೆಲ್ಲ ಆರಿಹೋಗಿದ್ದರೆ 'ಆಗೈತೆ' ಎಂದು ಬಾಗಿಲು ತಟ್ಟುತ್ತಾನೆ. ಕಂತು ಅಲ್ಲಿಗೆ ಮುಗಿಯುತ್ತದೆ. ಅಷ್ಟು ಚೆನ್ನಾಗಿ ನಾನು ಹಿಂದೆ ಬರೆದಿರಲಿಲ್ಲ. ಬಲಗಿವಿಯನ್ನಾದರೂ ಎಡಗಿವಿ ಮಾಡಬಹುದಿತ್ತು. ಅದು ಹೊಳೆಯಲಿಲ್ಲ ಎಂದು ತಂಗಿಗೆ ಹೇಳಿದ್ದೆ. ಹೊಳೆದಿತ್ತು. ಬಲವೇ ಸರಿಯಾಗಿ ಕೇಳಿಸಿತು, ಹಾಗೇ ಬಿಟ್ಟೆ.

ಆಮೇಲೆ ಒಂದು ತಿಂಗಳಾಗಿರಬಹುದು. ಯಜಮಾನಿ ಹಿಂದಿನ ಬಾಗಿಲಿಗೆ ಬಂದರು. ಕೈಯಲ್ಲಿ ಮೊಬೈಲು, ಮುಖ ಬಿಳಿಚಿತ್ತು. ತವರಿನ ಗ್ರೂಪಿಗೆ ಬಂದಿದೆ, ಕೇಳಿ ಎಂದು ಒತ್ತಿದರು. ಯಾರೋ ಗಂಡಸಿನ ದನಿ, ನಮ್ಮ ಕಡೆಯದೇ ಮಾತು. ಹಾಲ್ಕುರಿಕೆ ಕಡೆ ಒಬ್ಬ ಬಂದವ್ನೆ, ಕಾಯಿ ಸುಲೀತೀನಿ ಅಂತಾನೆ, ಬಾಗ್ಲಿಗೆ ಬಲಗಿವಿ ಕೊಡ್ತಾನೆ. ನನ್ನ ಎಂಟನೆಯ ಕಂತು. ಇನ್ಸ್‌ಪೆಕ್ಟರ್ ಇಲ್ಲ, ಹೆಡ್ ಕಾನ್ಸ್‌ಟೇಬಲ್ ಇಲ್ಲ, ಧಾರಾವಾಹಿಯ ಹೆಸರಿಲ್ಲ. ಕೊನೆಗೆ 'ಎಲ್ಲ ಗ್ರೂಪಿಗೂ ಕಳಿಸಿ' ಎಂದು ಮಾತ್ರ ಸೇರಿಸಿದ್ದರು. ನಾನು ಬರೆದ ಮಾತನ್ನು ಮೊದಲ ಸಲ ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅವತ್ತು. ಹೇಳಲು ನಾಚಿಕೆಯಾಗುತ್ತದೆ, ಮೊದಲು ಖುಷಿಯಾಯಿತು.

"ಸೀರಿಯಲ್ ಕಿಲ್ಲರ್ ಅಂತೆ ಕಣ್ರೀ ಮಿಸ್ಸೇ. ಯಾವ ಸೀರಿಯಲ್‌ನಾಗೆ ಬತ್ತಿದ್ನೋ, ನಾನು ಕಂಡಿಲ್ಲ," ಎಂದರು ಯಜಮಾನಿ.

ಅವರು ತಮಾಷೆ ಮಾಡುತ್ತಿರಲಿಲ್ಲ. ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೆ ಟಿವಿಯಲ್ಲಿ ಬರುವ ಎಲ್ಲ ಸೀರಿಯಲ್ಲಿನ ಎಲ್ಲ ಕೇಡಿಗರೂ ಅವರಿಗೆ ಗೊತ್ತು. ಅದರಲ್ಲಿ ಇವನಿಲ್ಲ ಎಂಬುದೇ ಅವರ ಭಯವನ್ನು ಹೆಚ್ಚಿಸಿತ್ತು. ವಾರದೊಳಗೆ ಊರಿನಲ್ಲಿ 'ಕಿಲ್ಲರ್' ಉದುರಿಹೋಗಿ 'ಸೀರಿಯಲ್ಲು' ಎಂಬುದಷ್ಟೇ ಉಳಿಯಿತು. ಸೀರಿಯಲ್ಲು ತುರುವೇಕೆರೆ ಕಡೆ ಹೋಯ್ತಂತೆ, ಸೀರಿಯಲ್ಲು ವಾಪಸು ಬಂತಂತೆ. ಮಕ್ಕಳು ಸ್ಕೂಲಿನಲ್ಲಿ ಒಬ್ಬರಿಗೊಬ್ಬರು ಬಲಗಿವಿ ಹಚ್ಚಿ 'ಆಗೈತೆ' ಎಂದು ಕಿರುಚುತ್ತಿದ್ದರು. ನಾನು ಬೆತ್ತ ತೋರಿಸಿ ಸುಮ್ಮನಾಗಿಸುತ್ತಿದ್ದೆ.

ಯಜಮಾನಿಗೆ ಆ ಕ್ಷಣವೇ ನಿಜ ಹೇಳಬಹುದಿತ್ತು. ಹೇಳಿದರೆ, ಒಂಟಿ ಹೆಂಗಸರನ್ನು ಸಾಲಾಗಿ ಸಾಯಿಸುವ ಮೇಡಂ ಎಂದಾಗುತ್ತಿತ್ತು. ಸ್ಕೂಲು, ಮನೆ, ಹೆಸರು. ಹೀಗೆ ಕಾರಣ ಕೊಡುತ್ತ ಹೋಗಬಹುದು. ಧಾರಾವಾಹಿ ನಿಲ್ಲುವುದು ನನಗೆ ಬೇಡವಾಗಿತ್ತು. ಅದೊಂದು ಕಡೆ ಮಾತ್ರ ನನ್ನನ್ನು ಯಾರಾದರೂ ಕಾಯುತ್ತಿದ್ದರು.

ಅವನು ಮುಂದಿನ ಸಲ ಬಂದಾಗ ಯಜಮಾನಿ ಮುಂಬಾಗಿಲಿನಿಂದಲೇ ತಿರುಗಿಸಿ ಕಳಿಸಿದರು. ಆಮೇಲೆ ನನ್ನ ಹತ್ತಿರ ಬಂದು, ಅವನು ಕೆಟ್ಟವನೆಂದು ತಾವು ಹೇಳುತ್ತಿಲ್ಲ, ಹದಿನೈದು ವರ್ಷದಿಂದ ಕಂಡಿದ್ದೇವೆ, ಆದರೆ ಹಿಂದೆ ಮಿಸ್ಸು ಒಬ್ಬರೇ ಇರುತ್ತಾರೆ, ಏನಾದರೂ ಆದರೆ ಯಾರು ಹೊಣೆ ಎಂದರು. ಅವನನ್ನು ಕಳಿಸಿದ್ದು ನನ್ನ ಸಲುವಾಗಿ. ಸುತ್ತಲಿನ ಅಟ್ಟಗಳಿಂದಲೂ ಅವನನ್ನು ಹಾಗೇ ಕಳಿಸಿದರು. ಎಲ್ಲ ಮನೆಯಲ್ಲೂ ಒಬ್ಬಳು ಮುದುಕಿಯೋ ಸೊಸೆಯೋ ಹಗಲು ಒಂಟಿಯಾಗಿ ಇದ್ದೇ ಇರುತ್ತಾಳೆ.

ಇಷ್ಟರಲ್ಲಿ ಯಾರೋ ಠಾಣೆಗೂ ಮುಟ್ಟಿಸಿದರು. ಒಬ್ಬ ಕಾನ್ಸ್‌ಟೇಬಲ್ ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತ. ಸುಲಿಯುವವನಿಂದ ನನಗೆ ತೊಂದರೆಯಾಗಿದೆಯೇ ಎಂದು ಕೇಳಿದ. ಇಲ್ಲ, ಒಳ್ಳೆಯ ಮನುಷ್ಯ ಎಂದೆ. ಬಾಗಿಲಿಗೆ ಕಿವಿ ಇಟ್ಟಿದ್ದನೇ? ಇಲ್ಲ ಎಂದೆ. ಅದು ಸುಳ್ಳು, ಅವನೇ ಹಾಗೆ ಹೇಳಿದ್ದ. ನಿಜ ಹೇಳಿದ್ದರೆ ಅವನು ಹೋದಂತೆಯೇ. ಕಾನ್ಸ್‌ಟೇಬಲ್ ಬರೆದುಕೊಂಡ. ಹೋಗುವಾಗ ಬೈಕಿನ ಮೇಲೆ ಕೂತು, ತಾನೂ ಮೊಬೈಲಿನಲ್ಲಿ ಒಂದು ಪತ್ತೇದಾರಿ ಕತೆ ಓದುತ್ತಿದ್ದೇನೆ, ಹೆಚ್ಚುಕಡಿಮೆ ಇಂಥದ್ದೇ, ಆದರೆ ಅದರಲ್ಲಿ ಇನ್ಸ್‌ಪೆಕ್ಟರಮ್ಮ ಬಹಳ ನಿಧಾನ, ನಾವಾಗಿದ್ದರೆ ಮೂರನೇ ಕೊಲೆಗೇ ಹಿಡಿಯುತ್ತಿದ್ದೆವು ಎಂದ.

ಇವನಿಗಾದರೂ ಹೇಳಬಹುದಿತ್ತು. ಎಷ್ಟು ಕಂತು ಓದಿದ್ದೀರಿ ಎಂದು ಮಾತ್ರ ಕೇಳಿದೆ. ಐದು ಎಂದ. ಡ್ಯೂಟಿಯಲ್ಲಿ ಪುರುಸೊತ್ತಿಲ್ಲವಂತೆ.

ಕೊನೆಗೆ ಹೇಳಿದ್ದು ಹಾಲಿನ ಡೇರಿಯ ಮುಂದೆ. ಬೆಳಗ್ಗೆ ಏಳರ ಹೊತ್ತು, ಕ್ಯಾನು ಹಿಡಿದವರ ಸಾಲು. ಸುಲಿಯುವವನು ರಸ್ತೆಯ ಆಚೆ ಬದಿಯ ಹುಣಸೆ ಮರದ ಕೆಳಗೆ ಬಸ್ಸಿಗೆ ನಿಂತಿದ್ದ, ಮೊನೆಯನ್ನೂ ಮಚ್ಚನ್ನೂ ಗೋಣಿಯಲ್ಲಿ ಸುತ್ತಿಕೊಂಡು. ಯಾರದೋ ಅಟ್ಟ ಕೇಳಿಕೊಂಡು ಬಂದು ಬರಿಗೈಲಿ ಹೊರಟಿದ್ದ. ಸಾಲಿನಲ್ಲಿದ್ದವರೆಲ್ಲ ಅವನತ್ತ ಬೆನ್ನು ಹಾಕಿ ನಿಂತಿದ್ದರು. ಯಾರೋ ಮೆತ್ತಗೆ ಸೀರಿಯಲ್ಲು ಎಂದರು, ಒಂದಿಬ್ಬರು ನಕ್ಕರು. ಅವನಿಗೆ ಕೇಳಿಸಿತು, ಅವನ ಕಿವಿ ಅಂಥದ್ದು. ನಾನು ಲೋಟ ಹಿಡಿದು ಮುಂದೆ ಬಂದೆ. ಇದು ಚೆನ್ನಾಗಿ ನೆನಪಿದೆ, ಏಕೆಂದರೆ ಹೇಳಬೇಕಾದ ಮಾತನ್ನು ವಾರದಿಂದ ಕಡಿಮೆ ಮಾಡುತ್ತ ಮಾಡುತ್ತ ಮೂರು ಸಾಲಿಗೆ ತಂದಿದ್ದೆ. ನನ್ನ ಮಟ್ಟಿಗೆ ಸ್ಪಷ್ಟವಾಗಿದ್ದವು.

"ನೋಡಿ, ಯಾರೂ ಹೆದರಬೇಡಿ. ಅದು ಸೀರಿಯಲ್ಲು. ನಾನೇ ಬರೆದದ್ದು."

ಸಾಲಿನ ಮುಂದಿದ್ದ ಒಬ್ಬ ಹಿಂದಕ್ಕೆ ತಿರುಗಿ, ಕಿವಿ ಮಂದವಾದವರಿಗೂ ಕೇಳುವಂತೆ ಹೇಳಿದ.

"ಕೇಳುಸ್ತೇನ್ರಪ್ಪಾ? ಅದೇ ಸೀರಿಯಲ್ಲಂತೆ. ಮಿಸ್ಸೇ ಸ್ಟೇಷನ್ನಿಗೆ ಬರ್ದು ಕೊಟ್ಟವ್ರೆ."

ನಮ್ಮ ಕಡೆ ಬರೆಯುವುದೆಂದರೆ ಬರೆದು ಕೊಡುವುದು. ಬೋರ್‌ವೆಲ್ ಕೆಟ್ಟರೆ ಪಂಚಾಯಿತಿಗೆ ಬರೆಯುತ್ತಾರೆ, ಬದುವಿನ ಜಗಳವಾದರೆ ಠಾಣೆಗೆ ಬರೆಯುತ್ತಾರೆ. ಸುಮ್ಮನೆ ಕೂತು, ಯಾರಿಗೂ ಕೊಡದೆ ಒಬ್ಬರು ಬರೆಯುತ್ತಾರೆ ಎಂಬುದು ಆ ಸಾಲಿನಲ್ಲಿ ಯಾರ ತಲೆಗೂ ಹೋಗುವಂತಿರಲಿಲ್ಲ. ಆ ಕಾನ್ಸ್‌ಟೇಬಲ್ ನಮ್ಮ ಅಂಗಳದಲ್ಲಿ ನಿಂತು ಬರೆದುಕೊಂಡದ್ದನ್ನು ಊರು ನೋಡಿತ್ತು. ನನ್ನ ಮೂರು ಸಾಲೂ ಹೋಗಿ ಅಲ್ಲಿ ಕೂತವು. ನಾನು ಅಲ್ಲ, ಅಲ್ಲ ಎಂದೆ. ಹೆದರಬೇಡಿ ಮಿಸ್ಸೇ, ನಾವಿದ್ದೇವೆ ಎಂದು ಒಬ್ಬಾಕೆ ನನ್ನ ತೋಳು ಹಿಡಿದುಕೊಂಡಳು. ಈ ಊರಿಗೆ ಬಂದ ಮೇಲೆ ಯಾರಾದರೂ ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಹುಣಸೆ ಮರದ ಕೆಳಗಿನಿಂದ ಅವನು ನನ್ನನ್ನು ನೋಡಿದ. ಹೇಗೆ ನೋಡಿದ ಎಂದು ನಾಲ್ಕು ಸಲ ಬರೆದು ಹೊಡೆದುಹಾಕಿದ್ದೇನೆ. ನೋಡಿದ. ಬಸ್ಸು ಬಂತು, ಹತ್ತಿದ.

ಸರಿಪಡಿಸಲು ಎರಡು ವಾರ ಹಿಡಿಯಿತು. ಮೊದಲು ಠಾಣೆಗೆ ಹೋಗಿ ಆ ಕಾನ್ಸ್‌ಟೇಬಲ್‌ಗೆ ಆ್ಯಪ್ ತೆರೆದು ನನ್ನ ಖಾತೆ ತೋರಿಸಿದೆ. ಅವನು, ಹಾಗಾದರೆ ಇನ್ಸ್‌ಪೆಕ್ಟರಮ್ಮನನ್ನು ಬೇಕೆಂದೇ ನಿಧಾನ ಮಾಡಿದ್ದೀರಾ ಎಂದು ಕೇಳಿದ. ನಮ್ಮೂರಿನ ಗ್ರೂಪಿಗೆ ಅವನೇ ಒಂದು ವಾಯ್ಸ್ ಮೆಸೇಜು ಹಾಕಿದ. ಆಮೇಲೆ ಯಜಮಾನಿಯನ್ನು ಕೂರಿಸಿಕೊಂಡು ಮೊದಲ ಕಂತಿನಿಂದ ಓದಿ ಹೇಳಿದೆ. ಮೂರನೆಯ ಕೊಲೆಯಾಗುವ ಹೊತ್ತಿಗೆ ಅವರು ನನ್ನ ಕಪಾಟಿನ ಕಡೆ ನೋಡಿದರು.

"ಅವಳ ಮನೇಲಿರೋದು ನಿಮ್ ಕನ್ನಡಿ ಅಲ್ವೇನ್ರೀ?"

ಹೌದು ಎಂದೆ. ಅವತ್ತಿನಿಂದ ರಾತ್ರಿಯ ಊಟಕ್ಕೆ ಒಂದು ಬಟ್ಟಲು ಸಾರು ನನ್ನ ಬಾಗಿಲಿಗೆ ಬರತೊಡಗಿತು, ಜೊತೆಗೆ ಮುಂದೇನಾಯಿತು ಎಂಬ ಪ್ರಶ್ನೆಯೂ. ಮುಂದೇನೂ ಆಗಲಿಲ್ಲ. ಧಾರಾವಾಹಿ ಹದಿನೇಳನೆಯ ಕಂತಿಗೆ ನಿಂತಿತು. ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್ಸ್‌ಟೇಬಲ್ ಹಾಲ್ಕುರಿಕೆಯ ಬಸ್‌ಸ್ಟಾಪಿನಲ್ಲಿ ಜೀಪು ಕೆಟ್ಟು ಕೂತಿದ್ದಾರೆ, ಈಗಲೂ.

ಹಟ್ಟಿಗೆ ಹೋದದ್ದು ಒಂದು ಭಾನುವಾರ. ಬಸ್ಸಿಳಿದು ಮೈಲಿಯಷ್ಟು ನಡೆದೆ. ಅವನ ಹೆಂಡತಿ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ನಾನು ಎಲ್ಲ ಹೇಳಿದೆ, ಕತೆ, ಆ್ಯಪ್, ಬಾಗಿಲು, ಬಲಗಿವಿ. ಅವನು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡ.

"ನನ್ ಹೆಸ್ರು ಹಾಕಿದ್ರಾ?"

"ಇಲ್ಲ."

"ಊರ ಹೆಸ್ರು?"

"ನಿಮ್ಮ ಹಟ್ಟಿಯದು ಇಲ್ಲ."

"ಮತ್ತೆ ನಾನೇ ಅಂತ ಜನಕ್ಕೆ ಹೆಂಗೆ ಗೊತ್ತಾಯ್ತು?"

ಅವನು ನಿಜವಾಗಿಯೂ ತಿಳಿಯದೆ ಕೇಳಿದ. ಕಾಯಿಯನ್ನು ಕಿವಿಗೆ ಹಿಡಿಯುವುದು ತನ್ನೊಬ್ಬನ ಅಭ್ಯಾಸ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಸುಲಿಯುವವರೆಲ್ಲ ಹಾಗೇ ಮಾಡುತ್ತಾರೆಂದು ಅವನು ತಿಳಿದಿದ್ದ. ಅಲ್ಲ ಎಂದು ನಾನು ಹೇಳಿದೆ. ಕಣ್ಣು ಮುಚ್ಚುತ್ತೀರಿ, ಆಗೈತೆ ಎನ್ನುತ್ತೀರಿ, ಕಾಯಿಯ ಜೊತೆ ಮಾತಾಡುತ್ತೀರಿ ಎಂದೂ ಹೇಳಿದೆ. ಅವನ ಹೆಂಡತಿ, ಹೌದು, ನಿದ್ದೆಯಲ್ಲೂ ಅಂತಾರೆ ಎಂದು ನಕ್ಕಳು. ಅವನು ನಗಲಿಲ್ಲ. ನಾನು ಆ ಮಾತು ಹೇಳಬಾರದಿತ್ತು. ಕ್ಷಮೆ ಕೇಳಲು ಹೋದವಳು ಅವನಿಗೆ ಅವನನ್ನೇ ತೋರಿಸಿ ಬಂದೆ.

ಬೇಸಗೆಯ ಹೊತ್ತಿಗೆ ಅವನಿಗೆ ಒಂದೊಂದಾಗಿ ಅಟ್ಟಗಳು ವಾಪಸು ಬಂದವು. ನಮ್ಮ ಮನೆಗೂ ಬಂದ. ಯಜಮಾನಿ ತಾವೇ ಮುಂದೆ ನಿಂತು ಕರೆದರು, ಕಾಫಿಯನ್ನೂ ತಾವೇ ಕೊಟ್ಟರು. ನಾನು ಹಿಂದಿನ ಮೆಟ್ಟಿಲ ಮೇಲೆ ಕೂತೆ. ಅವನು ಮೊನೆ ನೆಟ್ಟ, ರಾಶಿಯ ಮುಂದೆ ಕೂತ. ಎತ್ತಿದ, ಸುಲಿದ. ಇನ್ನೊಂದು ಎತ್ತಿದ, ಸುಲಿದ. ಕೈ ಕಿವಿಯ ಹತ್ತಿರ ಹೋಗಲಿಲ್ಲ. ಬಾಯಿ ಅಲುಗಲಿಲ್ಲ. ಬೇರೆಯವರು ಹೇಗೆ ಸುಲಿಯುತ್ತಾರೋ ಹಾಗೆ ಸುಲಿಯುತ್ತಿದ್ದ, ಬಹುಶಃ ಅವರಿಗಿಂತ ಬೇಗ. ಅಂಗಳದಲ್ಲಿ ಸಿಪ್ಪೆ ಹರಿಯುವ ಸದ್ದೊಂದೇ. ಅವನು ಬಂದರೆ ಸದ್ದಾಗುತ್ತದೆ ಎಂದು ನಾನು ಇಷ್ಟು ದಿನ ಅಂದುಕೊಂಡದ್ದು ಈ ಸದ್ದನ್ನಲ್ಲ.

"ಕೇಳಿ ನೋಡಲ್ವಾ?" ಎಂದೆ.

ಅವನು ಕೈಯಲ್ಲಿದ್ದ ಕಾಯಿಯನ್ನು ನನ್ನ ಕಡೆ ಚಾಚಿದ.

"ನೀವೇ ಕೇಳಿ ಮಿಸ್ಸೇ."

ಕೋಪದಿಂದ ಹೇಳಿದ್ದಲ್ಲ. ಮೆಟ್ಟಿಲಿಳಿದು ತೆಗೆದುಕೊಂಡೆ. ಬಲಗಿವಿಗೆ ಹಿಡಿದು ಅಲುಗಿಸಿದೆ, ಕಣ್ಣು ಮುಚ್ಚಿಕೊಂಡೆ. ಒಳಗೆ ಏನೋ ತಾಕಿದಂತಾಯಿತು. ಕೇಳಿಸಿದ್ದು ಅದೋ, ನನ್ನ ಬಳೆಯೋ.

"ಆಗಿದೆ," ಎಂದೆ.

ಅವನು ಅದನ್ನು ಸುಲಿದ, ಮಚ್ಚಿನ ಬೆನ್ನಿನಿಂದ ಚಿಪ್ಪಿಗೆ ತಟ್ಟಿದ. ನೀರು ಅವನ ಮೊಣಕೈವರೆಗೂ ಹರಿದು ಮಣ್ಣಿಗೆ ಬಿತ್ತು. ಒಳಗೆ ತಿರುಳು ಬೆಳ್ಳಗೆ, ಹಸಿಯಾಗಿ, ಚಿಪ್ಪಿಗೆ ಅಂಟಿಕೊಂಡಿತ್ತು. ಇನ್ನೆರಡು ತಿಂಗಳು ಬೇಕಿತ್ತು ಅದಕ್ಕೆ. ಅವನು ಎರಡು ಹೋಳನ್ನೂ ಮೆಟ್ಟಿಲ ಮೇಲೆ ಇಟ್ಟ.

"ಚಟ್ನಿಗಾಯ್ತು ಬುಡಿ," ಎಂದ.

ಆಮೇಲೆ ರಾಶಿಯಿಂದ ಇನ್ನೊಂದು ಕಾಯಿ ತೆಗೆದ. ಮೊನೆಗೆ ಒತ್ತಲಿಲ್ಲ. ಕೈಯಲ್ಲಿ ಹಿಡಿದು ಕಾಯುತ್ತ ಕೂತ. ನಾನು ಅಂಗೈ ಸೀರೆಗೆ ಒರೆಸಿಕೊಂಡು ಅದನ್ನು ಇಸಿದುಕೊಂಡೆ.